ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ಎಂ.ಎ. ಮಾಡಿದವರು ಇದ್ದೀರಾ?

ಎಸ್‌ಡಿಎ, ದಾವಣಗೆರೆ: ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಮಾಡೋಣ ಅಂತಿದ್ದೀನಿ. ಲೆಕ್ಚರರ್ ಹುದ್ದೆಗೆ ಆಗುತ್ತಾ? ಎನ್‌ಒಸಿ ಮೊದಲೇ ತಗೋಬೇಕಾ? ಮಾಡಿದವರು ಹೇಳಿ.

ಎಫ್‌ಡಿಎ, ಹಾವೇರಿ: ಎನ್‌ಒಸಿ ಕಥಿ ಕೇಳ್ರಿ. ನನ್ನ ಅರ್ಜಿ ನಮ್ಮ ಆಫೀಸಿನ ಟಪಾಲಿನಾಗ 47 ದಿನ ಕೂತಿತ್ತು, ಸಾಹೇಬ್ರ ಟೇಬಲ್ ನನ್ನ ಕುರ್ಚಿಯಿಂದ ಹತ್ತು ಹೆಜ್ಜಿ! ಲೇಟ್ ಫೀ 500 ಕಟ್ಟಿದೆ. ಬಸ್, ಲಾಡ್ಜ್, ಜೆರಾಕ್ಸ್, ಎರಡು ಸಲ ರಿವ್ಯಾಲ್ಯುಯೇಷನ್ ಎಲ್ಲಾ ಸೇರಿ 31,640. ಡೈರಿಯೊಳಗ ಬರದಿಟ್ಟೀನಿ. ಪರೀಕ್ಷಾದಾಗ ರಿಗ್ಸ್ ಅನ್ನೋ ಅಮೆರಿಕದ ಪಂಡಿತನ ‘ಸಾಲಾ’ ಮಾದರಿ ಬಂದಿತ್ತು, ಬೆಳಿಯೋ ದೇಶದ ಆಫೀಸು ಹೆಂಗಿರತೈತಿ ಅಂತ ಹೇಳೋದು. ಮ್ಯಾಲೆ ಹೊಸ ನಿಯಮ, ಒಳಗ ಹಳೇ ನಂಟಸ್ತನ. ಓದೂದ ಬ್ಯಾಡಾತು, ನಮ್ಮ ಆಫೀಸ್ ನೆನಸಿ ಆರು ಪುಟ ಬರದೆ.

ಅತಿಥಿ ಉಪನ್ಯಾಸಕಿ, ಮೈಸೂರು: ಲೆಕ್ಚರರ್ ಆಸೆಗೆ ಮಾಡಬೇಡಿ. ಲೆಕ್ಚರರ್ ಅರ್ಹತೆಯ ನೆಟ್ ಪರೀಕ್ಷೆಯಲ್ಲಿ ರಾಜ್ಯಶಾಸ್ತ್ರದ ಕೋಡ್ 02, ಇದರದು 14, ಬೇರೆಯೇ ವಿಷಯ. ಮೂರನೇ ಸಲಕ್ಕೆ ಪಾಸಾದೆ. ಸರ್ಟಿಫಿಕೇಟ್ ಹಿಡಿದು ಹೋದರೆ ಒಂದು ಕಾಲೇಜಿನಲ್ಲಿ ‘ನಿಮ್ಮದು ರಾಜ್ಯಶಾಸ್ತ್ರ ಅಲ್ವಲ್ಲಮ್ಮಾ’ ಅಂತ ಫೈಲ್ ಮುಚ್ಚಿದರು. ಈಗ ರಾಜ್ಯಶಾಸ್ತ್ರದಲ್ಲಿ ಇನ್ನೊಂದು ಎಂ.ಎ. ಮಾಡಿಕೊಂಡೆ, ಮಗಳ ಬಳೆ ಅಡವಿಟ್ಟು.

ವಿಜಯನಗರ, ಬೆಂಗಳೂರು: ಯುಪಿಎಸ್‌ಸಿ ಮೇನ್ಸ್‌ನಲ್ಲಿ ಇದನ್ನೇ ಐಚ್ಛಿಕ ವಿಷಯವಾಗಿ ತಗೊಳ್ಳೋಕೆ ಎಂ.ಎ. ಬೇಕಿಲ್ಲ ಮೇಡಂ. 2013ರಿಂದ ಒಂದೇ ಐಚ್ಛಿಕ, 250 ಅಂಕದ ಎರಡು ಪತ್ರಿಕೆ. ನಾನು ರೂಮಿನಲ್ಲೇ ಓದಿ ಮೂರು ಸಲ ಮೇನ್ಸ್ ಬರೆದೆ.

ಉಪನ್ಯಾಸಕಿ: ಯುಪಿಎಸ್‌ಸಿ ಬಗ್ಗೆ ಇಲ್ಲಿ ಕೇಳಿದವರು ಯಾರು?

ಹಾವೇರಿ: ಮೂರು ಸಲ ಬರದು ಏನಾತ್ರಿ?

ವಿಜಯನಗರ: ಕ್ಲರ್ಕ್ ಅಂತೂ ಆಗಲಿಲ್ಲ.

ಹಾವೇರಿ: ನಾಲಿಗಿ ಬಿಗಿ ಹಿಡೀರಿ. ಈ ಕ್ಲರ್ಕಿನ ಪಗಾರದಾಗ ತಂಗಿ ಮದುವಿ ಮಾಡೀನಿ. ನೀವಿನ್ನೂ ಅಪ್ಪನ ದುಡ್ಡಿನಾಗ ಮೆಸ್ ಬಿಲ್ ಕಟ್ಟತೀರಿ.

ಉಪನ್ಯಾಸಕಿ: ಕ್ಲರ್ಕ್‌ಗಳ ಬಗ್ಗೆ ನನಗೂ ಗೊತ್ತು ಬಿಡಿ. ನನ್ನ ಡಿಸರ್ಟೇಷನ್ ‘ಸಕಾಲ’ದ ಮೇಲೆ, ಸರ್ಕಾರಿ ಸೇವೆ ಗೊತ್ತಾದ ದಿನದೊಳಗೆ ಕೊಡಬೇಕು ಅನ್ನುವ ಯೋಜನೆ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ಪರಿಹಾರ ಅಂತ 2011ರ ಕಾಯ್ದೆಯಲ್ಲೇ ಇದೆ. ನಾಡಕಚೇರಿ ಬಾಗಿಲಲ್ಲಿ 60 ಜನರನ್ನು ಮಾತಾಡಿಸಿದೆ, ಒಬ್ಬರೂ ಪಡೆದಿರಲಿಲ್ಲ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನುತ್ತಾರೆ, ಅರ್ಜಿಯನ್ನೇ ತಗೊಳ್ಳಲ್ಲ. ತಗೊಂಡರೆ ತಾನೇ ದಿನ ಲೆಕ್ಕ?

ಹಾವೇರಿ: ಸರ್ವರ್ ನಮ್ಮಪ್ಪಂದೇನ್ರಿ? ಮೂರು ಹುದ್ದೆ ಖಾಲಿ, ಒಂದ ಕಂಪ್ಯೂಟರ್, ಅದರ ಎಂಟರ್ ಕೀನೂ ಕಿತ್ತು ಹೋಗೇತಿ. ನೆರಳಿಗೆ ನಿಂತು ಡಿಸರ್ಟೇಷನ್ ಬರಿಯೂದು ಹಗುರ.

ದಾವಣಗೆರೆ: ಅಣ್ಣಾ, ಎನ್‌ಒಸಿ ಅಡ್ಮಿಷನ್‌ಗೆ ಮೊದಲಾ, ಆಮೇಲಾ? 31ಕ್ಕೆ ಲಾಸ್ಟ್ ಡೇಟ್.

ಉಪನ್ಯಾಸಕಿ: ನೆರಳಾ? ಏಪ್ರಿಲ್ ಬಿಸಿಲಲ್ಲಿ ಹನ್ನೊಂದು ದಿನ ನಿಂತಿದ್ದೀನಿ ರೀ.