ಹಿತ್ತಲಲ್ಲಿ ಸಿಕ್ಕ ಈ ಗುಂಡಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ.

ನಾವಿರುವುದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ, 1930ರ ದಶಕದ ಮನೆ. ಹೋದ ತಿಂಗಳು ಮೆಂತ್ಯ ಸೊಪ್ಪಿಗೆ ಪಾತಿ ಮಾಡುವಾಗ ಗುದ್ದಲಿ ಠಣ್ ಅಂತು. ಕೆರೆದು ನೋಡಿದರೆ ನಮ್ಮೂರಲ್ಲಿ ಕೊಟ್ಟಿಗೆಗೆ ಹೊದಿಸುವ ಜಿಂಕ್ ಶೀಟಿನಂಥದ್ದು, ಆದರೆ ಅದಕ್ಕಿಂತ ದಪ್ಪ, ಬಿಲ್ಲಿನಂತೆ ಬಾಗಿದೆ. ತುದಿಯಲ್ಲೊಂದು ಬೋಲ್ಟು, ತುಕ್ಕು ಹಿಡಿದು ನಟ್ಟಿನ ಜೊತೆ ಒಂದೇ ಆಗಿಬಿಟ್ಟಿದೆ. ಪಕ್ಕದ ಮನೆ ಅಜ್ಜಿ ಬೇಲಿಯಾಚೆಯಿಂದಲೇ ನೋಡಿ "ಓ, ಆಂಡರ್ಸನ್!" ಅಂದರು, ಹಳೇ ನೆಂಟರನ್ನು ಕಂಡ ಹಾಗೆ.

ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬೀಳುವಾಗ ಮನೆಮಂದಿ ಹೋಗಿ ಕೂರುತ್ತಿದ್ದ ಜಾಗ ಇದು, ಇಂಗ್ಲಿಷಿನಲ್ಲಿ 'ಆಂಡರ್ಸನ್ ಶೆಲ್ಟರ್'. 14 ತಗಡು ಜೋಡಿಸಿ, ನಾಲ್ಕು ಅಡಿ ನೆಲದೊಳಗೆ ಇಳಿಸಿ, ಮೇಲೆ 15 ಇಂಚು ಮಣ್ಣು ಹೇರಬೇಕು. ಆರು ಜನಕ್ಕೆ ಜಾಗ. 1939ರ ಫೆಬ್ರವರಿಯಿಂದ ಹಂಚಿದರು. ವರ್ಷಕ್ಕೆ 250 ಪೌಂಡಿಗಿಂತ ಕಡಿಮೆ ವರಮಾನ ಇದ್ದವರಿಗೆ ಪುಕ್ಕಟೆ, ಉಳಿದವರಿಗೆ 7 ಪೌಂಡ್. ಹಂಚಿದ್ದು ಒಟ್ಟು ಸುಮಾರು 36 ಲಕ್ಷ ಶೆಲ್ಟರ್. ಹೆಸರು ಬಂದದ್ದು ಆಗ ನಾಗರಿಕ ರಕ್ಷಣೆ ನೋಡಿಕೊಳ್ಳುತ್ತಿದ್ದ ಜಾನ್ ಆಂಡರ್ಸನ್ ಅವರಿಂದ. (1932ರಿಂದ 37ರವರೆಗೆ ಬಂಗಾಳದ ಗವರ್ನರ್ ಆಗಿದ್ದವರೂ ಇವರೇ.) ಮಳೆ ಬಂದರೆ ಒಳಗೆ ನೀರು. ಅಜ್ಜಿಯ ಅಮ್ಮ ಮೊದಲು ಬಕೆಟ್‌ನಲ್ಲಿ ನೀರು ಎತ್ತಿಹಾಕಿ, ಆಮೇಲೆ ಮಕ್ಕಳನ್ನು ಇಳಿಸುತ್ತಿದ್ದರಂತೆ. ಯುದ್ಧ ಮುಗಿದ ಮೇಲೆ ಎಷ್ಟೋ ತಗಡು ಸರ್ಕಾರಕ್ಕೆ ವಾಪಸ್ ಹೋದವು. ಕೆಲವು ಸಾಮಾನಿನ ಶೆಡ್ಡಾದವು.

ಇಲ್ಲಿನ ಕನ್ನಡದವರ ದೀಪಾವಳಿ ಸಂಚಿಕೆಗೆ ಇದರ ಬಗ್ಗೆ ಬರೆಯಲು ಕೂತೆ. 'ಗಾರ್ಡನ್' ಪದಕ್ಕೆ ಕನ್ನಡ ಹುಡುಕಲು ತೊಂದರೆಯಿಲ್ಲ. 'ತೋಟ' ಅಂದರೆ ಅಡಿಕೆ, ತೆಂಗು ಕಣ್ಣಿಗೆ ಬರುತ್ತೆ. ಇದು ಅಪ್ಪಟ 'ಹಿತ್ತಲು'. ಸಿಕ್ಕಿಬಿದ್ದದ್ದು 'ಶೆಲ್ಟರ್' ಅನ್ನೋ ಪದದ ಹತ್ತಿರ. 'ತಂಗುದಾಣ' ಅಂದರೆ ಬಸ್ಸಿಗೆ ಕಾಯಬೇಕು. 'ಅಡಗುದಾಣ' ಪೇಪರಿನವರು ಉಗ್ರರಿಗೆ ಕೊಟ್ಟುಬಿಟ್ಟಿದ್ದಾರೆ. 'ಆಶ್ರಯ' ಅಂದರೆ ಸರ್ಕಾರದ ಆಶ್ರಯ ಮನೆ. 'ಕಂದಕ'ಕ್ಕೆ ಬಸ್ಸು ಉರುಳುತ್ತೆ, ಇಲ್ಲಾ ಕೋಟೆ ಸುತ್ತ ಇರುತ್ತೆ. 'ನೆಲಮಾಳಿಗೆ' ಮನೆಯ ಕೆಳಗಿರಬೇಕು. 'ಬಂಕರ್' ಎಲ್ಲರಿಗೂ ಅರ್ಥವಾಗುತ್ತೆ, ಆದರೆ ಅಲ್ಲಿ ಬಂದೂಕು ಹಿಡಿದ ಸೈನಿಕ ಕೂತಿರುತ್ತಾನೆ, ಕಂಬಳಿ ಹೊದ್ದ ಮಗು ಅಲ್ಲ.

ಕೊನೆಗೆ ನೆನಪಾದದ್ದು 'ಹಗೇವು'. ರಾಗಿ, ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದರಲ್ಲ, ಅದು. 'ಹಿತ್ತಲ ಹಗೇವು' ಅಂತ ಬರೆದು ನೋಡಿದೆ, ಕಿವಿಗೆ ಚೆನ್ನಾಗಿದೆ. ಕೆಲವು ಕಡೆ 'ಹಗೆ' ಅಂತಲೂ ಅನ್ನುತ್ತಾರೆ. ಹಗೆಯ ವಿಮಾನ ಬಂದಾಗ ಹಗೆಗೆ ಇಳಿದರು ಅಂತ ಬರೆದರೆ ಓದುವವರು ತಬ್ಬಿಬ್ಬು, ಅದು ಬೇಡ.

ಆದರೂ ಒಂದು ಅಳುಕಿದೆ. ಹಗೇವಿನ ಬಾಯಿ ಮೇಲಿರುತ್ತೆ, ಕಿರಿದು. ಆಂಡರ್ಸನ್‌ಗೆ ಮುಂದೆ ತಗ್ಗು ಬಾಗಿಲು, ಬೆನ್ನು ನೆಲದ ಮೇಲೆ ಗೂನಿನಂತೆ ಕಾಣುತ್ತೆ. ಅದಕ್ಕಿಂತ ಜಾಸ್ತಿ ಕಾಡುವುದು ಇದು: ಹಗೇವಿನ ಬಾಯಿ ತೆಗೆದ ತಕ್ಷಣ ಇಳಿಯಬಾರದು, ಉಸಿರು ಕಟ್ಟುತ್ತೆ ಅಂತ ನಮ್ಮಜ್ಜಿ ಮೊದಲು ದೀಪ ಇಳಿಬಿಡಿಸುತ್ತಿದ್ದರು. ಜೀವ ಉಳಿಸಿಕೊಳ್ಳುವ ಜಾಗಕ್ಕೆ ಆ ಹೆಸರು ಇಡಬಹುದಾ?

ಮನೆಯಲ್ಲಿ ಹಗೇವು ಇದ್ದವರು, ಅದರೊಳಗೆ ಇಳಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. 'ಮಕ್ಕಳನ್ನು ಕರೆದುಕೊಂಡು ಹಗೇವಿಗೆ ಇಳಿದರು' ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತೆ? ಬೇರೆ ಊರಮಾತು ಇದ್ದರೆ ಅದನ್ನೂ ತಿಳಿಸಿ. ಅಲ್ಲಿಯವರೆಗೆ ಸುಮ್ನೆ 'ಆಂಡರ್ಸನ್' ಅಂತಲೇ ಬರೆದಿಟ್ಟಿದ್ದೇನೆ.