ಕುರಿ ಹಿಕ್ಕೆಯಲ್ಲಿ ಕಾಣ್ತಿರೋದು ಜಂತಿನ ಮೊಟ್ಟೇನಾ, ಬೇರೆ ಏನಾದ್ರೂನಾ?

ಬಂಡೂರು_ಕುರಿ:
ಎಲ್ಲರಿಗೂ ನಮಸ್ಕಾರ. ಮಳವಳ್ಳಿ ಹತ್ರ ನಮ್ದು ಹಳ್ಳಿ, 32 ಬಂಡೂರು ಕುರಿ ಸಾಕಿದ್ದೀನಿ. ಬಿಎಸ್ಸೀಲಿ ಜುವಾಲಜಿ ಓದಿದ್ದೆ, ಪಾಸಾಗೋವಷ್ಟು. ಹೋದ ವರ್ಷ ಮೈಸೂರಲ್ಲಿ ಒಂದು ಹಳೇ ಸ್ಟೂಡೆಂಟ್ ಮೈಕ್ರೋಸ್ಕೋಪ್ ಸಿಕ್ತು, ತಂದೆ. "ಆ ದುಡ್ಡಿಗೆ ಒಂದು ಟಗರುಮರಿ ಬತ್ತಿತ್ತು" ಅಂತ ನಮ್ಮಪ್ಪ ಇವತ್ತಿಗೂ ಬಂದೋರ್ಗೆಲ್ಲ ಹೇಳ್ತಾರೆ.

ವಿಷಯ ಏನಂದ್ರೆ, ಉಪ್ಪುನೀರಲ್ಲಿ ಹಿಕ್ಕೆ ಕಲಸಿ, ಟೀ ಸೋಸೋ ಜರಡೀಲಿ ಸೋಸಿ, ತೇಲಿದ್ದನ್ನ ಕವರ್‌ಸ್ಲಿಪ್‌ಗೆ ಹಿಡಿದು ನೋಡ್ತೀನಿ. ದುಂಡಗೆ, ಒಳಗೆ ಫುಟ್‌ಬಾಲ್ ಥರ ಮನೆ ಮನೆ ಇರೋದು ಒಂದು ಸಿಕ್ತು. ಪುಸ್ತಕದಲ್ಲಿ ಸ್ಟ್ರಾಂಗೈಲ್ (ಹೀಮಾಂಕಸ್ ಸೇರಿ ಹೊಟ್ಟೆ, ಕರುಳಲ್ಲಿರೋ ದುಂಡು ಜಂತುಗಳ ಗುಂಪು) ಮೊಟ್ಟೆ ಒಳಗೆ 16ರಿಂದ 32 ಕೋಶ ಇರುತ್ತೆ ಅಂತ ಇತ್ತು. ಎಣಿಸ್ದೆ, ಸರಿಯಾಗಿ 16. ಇನ್ನೇನು ಬೇಕು, ರಕ್ತ ಹೀರೋ ಹೀಮಾಂಕಸ್ಸೇ ಅಂತ ಇಡೀ ಮಂದೆಗೆ ಜಂತಿನ ಔಷಧಿ ಆಲ್ಬೆಂಡಜೋಲ್ ಕುಡಿಸ್ದೆ. 15 ದಿನ ಬಿಟ್ಟು ನೋಡಿದ್ರೆ ಅಷ್ಟೇ ಇವೆ. ಮತ್ತೆ ಕುಡಿಸ್ದೆ. ಮತ್ತೆ ಅಷ್ಟೇ. ಮೂರನೇ ಸಲ ಅಂಗಡಿಯೋರು "ಇದು ಸ್ವಲ್ಪ ಸ್ಟ್ರಾಂಗು" ಅಂತ ಬೇರೆ ಬಾಟ್ಲಿ ಕೊಟ್ರು. ಅದಕ್ಕೂ ಬಗ್ಗಲಿಲ್ಲ.

ಕುರಿಗಳು ಮಾತ್ರ ಚೆನ್ನಾಗೇ ಮೇಯ್ತಾ ಇವೆ. ಬೆಳಿಗ್ಗೆ ಕೆರೆ ಏರಿ ಮೇಲೆ ಕರಿಜಾಲಿ ಮರದ ಕೆಳಗೆ ಮೇಯಿಸ್ತೀನಿ, ಸಾಯಂಕಾಲ ಪಕ್ಕದ ಮನೆಯ ರೇಷ್ಮೆ ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು. ಸ್ಲೈಡಲ್ಲಿ ಇನ್ನೂ ಎರಡು ಕಾಣುತ್ವೆ: ಕಪ್ಪು ಅಂಚಿನ ದುಂಡನೇದು, ಆಮೇಲೆ ಉದ್ದಕ್ಕೆ ಮರಿಹುಳದ ಥರ ಇದ್ದು ಅಲ್ಲಾಡದೇ ಇರೋದು. ಗೊತ್ತಿರೋರು ಹೇಳಿ.

ಏರಿ_ಮೇಲಿನ_ಹುಡ್ಗ:
ಕಪ್ಪು ಅಂಚಿಂದು ಗಾಳಿಗುಳ್ಳೆ ಬ್ರೋ. ಫೋಕಸ್ ಮೇಲೆ ಕೆಳಗೆ ಮಾಡಿದ್ರೆ ಅಂಚು ಹೊಳೀತದೆ, ಒಳಗೆ ಏನೂ ಇರಲ್ಲ. ನಾನೂ ಕಾಲೇಜಲ್ಲಿ ಅದನ್ನೇ ಅಚ್ಚುಕಟ್ಟಾಗಿ ಚಿತ್ರ ಬರೆದು ಲೇಬಲ್ ಮಾಡಿ ಬೈಸ್ಕೊಂಡಿದ್ದೆ.

ಸ್ಲೈಡಕ್ಕ_ಮೈಸೂರು:
ಬಂಡೂರು ತಮ್ಮಾ, ನಾನು ಮನುಷ್ಯರ ಲ್ಯಾಬಲ್ಲಿ 27 ವರ್ಷ ಸ್ಟೂಲ್ ಸ್ಲೈಡ್ ನೋಡಿದವಳು. ಕುರಿ ನನ್ನ ವಿಷಯ ಅಲ್ಲ, ಆದ್ರೆ ಮೋಸ ಹೋಗೋ ರೀತಿ ಎರಡು ಕಡೆನೂ ಒಂದೇ. ನೀವು ಕೋಶ ಎಣಿಸಿದ್ರಿ, ಅಳತೆ ಮಾತ್ರ ಎಲ್ಲೂ ಬರೆದಿಲ್ಲ. ನಮ್ಮ ಸೀನಿಯರ್ ಮೇಡಂ ಹೊಸಬರಿಗೆ ಒಂದು ತಿಂಗಳು ಹುಳದ ಹೆಸರು ಹೇಳೋಕೇ ಬಿಡ್ತಿರಲಿಲ್ಲ. "ಎಷ್ಟು ಮೈಕ್ರಾನ್?" ಅಷ್ಟೇ ಕೇಳೋರು.

ಐಪೀಸ್ ಮೈಕ್ರೋಮೀಟರ್ (ಕಣ್ಣಿಡೋ ಲೆನ್ಸ್ ಒಳಗಿನ ಅಳತೆ ಗೆರೆ) ನಿಮ್ಮ ಹತ್ರ ಇರಲ್ಲ, ಪರವಾಗಿಲ್ಲ. ಮಕ್ಕಳ ಪಾರದರ್ಶಕ ಸ್ಕೇಲನ್ನ ಸ್ಲೈಡ್ ಇಡೋ ಜಾಗದಲ್ಲಿಟ್ಟು 10ರ ಲೆನ್ಸಲ್ಲಿ ನೋಡಿ, ಬೆಳಕಿನ ವೃತ್ತದಲ್ಲಿ ಎಷ್ಟು ಮಿಲಿಮೀಟರ್ ಹಿಡಿಸುತ್ತೆ ಅಂತ. ಐಪೀಸ್ ಮೇಲೆ 18 ಅಂತ ಕೊರೆದಿದ್ರೆ 1.8 ಮಿಲಿಮೀಟರ್ ಬರಬೇಕು. 40ರ ಲೆನ್ಸಿಗೆ ಹೋದ್ರೆ ಅದರ ಕಾಲು ಭಾಗ, 0.45 ಮಿಲಿಮೀಟರ್, ಅಂದ್ರೆ 450 ಮೈಕ್ರಾನ್. ಕುರಿಯ ಸ್ಟ್ರಾಂಗೈಲ್ ಮೊಟ್ಟೆ ಉದ್ದಕ್ಕೆ 70ರಿಂದ 90, ಅಗಲಕ್ಕೆ 40ರಿಂದ 50 ಮೈಕ್ರಾನ್ ಅಂತ ಪುಸ್ತಕಗಳಲ್ಲಿದೆ. ಅಂದ್ರೆ 40ರಲ್ಲಿ ವೃತ್ತದ ಐದು ಅಥವಾ ಆರನೇ ಒಂದು ಭಾಗ ಉದ್ದ ಇರಬೇಕು, ಅಂಡಾಕಾರ ಇರಬೇಕು. ನೀವು ಬರೆದಿರೋದು "ದುಂಡಗೆ". ಅಲ್ಲೇ ನನಗೆ ಅನುಮಾನ ಬಂತು.

ಆಮೇಲೆ ಗೋಡೆ ನೋಡಿ. ಮೊಟ್ಟೆ ಅಂದ್ರೆ ಚಿಪ್ಪು ಬೇರೆ, ಒಳಗಿನ ಕೋಶಗಳ ಗೊಂಚಲು ಬೇರೆ, ನಡುವೆ ತೆಳ್ಳಗೆ ಖಾಲಿ ಜಾಗ. ನಿಮ್ಮದರಲ್ಲಿ ಮನೆಗಳ ಗೆರೆ ಹೊರಗಿನ ಅಂಚಿಗೇ ಹೋಗಿ ಮುಟ್ಟುತ್ತಾ? ಮುಟ್ಟಿದ್ರೆ ಅದು ಮೊಟ್ಟೆ ಅಲ್ಲ. ಸೂಜಿ ಮೊನೆಯಿಂದ ಕವರ್‌ಸ್ಲಿಪ್ ಮೆಲ್ಲಗೆ ಒತ್ತಿ ಅದನ್ನ ಉರುಳಿಸಿ. ಮೊಟ್ಟೆ ಹೇಗೆ ಉರುಳಿದ್ರೂ ಮೈ ತುಂಬಿಕೊಂಡೇ ಇರುತ್ತೆ. ನಿಮ್ಮದು ಪಕ್ಕಕ್ಕೆ ತಿರುಗಿದಾಗ ನಿಪ್ಪಟ್ಟಿನ ಥರ ಚಪ್ಪಟೆ ಕಂಡ್ರೆ, ತಮ್ಮಾ, ನೀವು ಮೂರು ಸಲ ಔಷಧಿ ಕುಡಿಸಿದ್ದು ಜಾಲಿ ಹೂವಿಗೆ.

ನಗಬೇಡಿ. ಜಾಲಿ ಪರಾಗ ಒಂಟಿಯಾಗಿ ಉದುರಲ್ಲ. ಸಾಮಾನ್ಯವಾಗಿ 16 ಕಣ ಒಂದಕ್ಕೊಂದು ಅಂಟಿಕೊಂಡು ಒಂದೇ ಬಿಲ್ಲೆಯಾಗಿ ಬರುತ್ತೆ, ಸುಮಾರು 50 ಮೈಕ್ರಾನ್. ಪರಾಗದ ಹೊರಚಿಪ್ಪು ಎಷ್ಟು ಗಟ್ಟಿ ಅಂದ್ರೆ ಕುರಿಯ ನಾಲ್ಕು ಹೊಟ್ಟೆ ದಾಟಿದ್ರೂ ಕರಗಲ್ಲ, ಉಪ್ಪುನೀರಲ್ಲಿ ಮೊಟ್ಟೆ ಜೊತೆಗೇ ತೇಲುತ್ತೆ. ಮುಸುಕಿನ ಜೋಳದ ಮೇವು ಹಾಕಿದ ದಿನ ಇನ್ನೊಂದು ಕಾಣುತ್ತೆ: ದೊಡ್ಡದು, 90 ಮೈಕ್ರಾನ್ ಆಸುಪಾಸು, ನುಣ್ಣಗೆ ದುಂಡಗೆ, ಒಂದೇ ಒಂದು ತೂತು, ತೂತಿನ ಸುತ್ತ ಬಳೆ. ಅದನ್ನೂ ಹುಳ ಅನ್ನಬೇಡಿ.

ಮರಿಹುಳದ ಥರ ಇರೋದು ಸೊಪ್ಪಿನ ರೋಮ ಇರಬೇಕು. ಒಂದು ತುದಿ ಚೂಪು, ಇನ್ನೊಂದು ತುದಿ ಕಿತ್ತುಬಂದ ಹಾಗೆ ಮೊಂಡು, ನಡುವೆ ನೆಟ್ಟಗೆ ಒಂದು ಕೊಳವೆ. ಮರಿಹುಳಕ್ಕಾದ್ರೆ ಗಂಟಲು, ಕರುಳು ಅಂತ ಒಳಗೆ ವಿಂಗಡಣೆ ಇರುತ್ತೆ. ನಮ್ಮಲ್ಲಂತೂ ಬಾಳೆಹಣ್ಣಿನ ನಾರನ್ನ ಡಬ್ಬೀಲಿ ಹಾಕ್ಕೊಂಡು "ಮಗೂಗೆ ಹುಳ ಬಿತ್ತು" ಅಂತ ಓಡಿ ಬರೋರು ವರ್ಷಕ್ಕೆ ನಾಲ್ಕು ಜನ ಇದ್ದೇ ಇರ್ತಾರೆ.

ಇನ್ನೊಂದು ನೆನಪಾಯ್ತು. ಒಬ್ಬರ ಸ್ಲೈಡಲ್ಲಿ ಲಿವರ್ ಫ್ಲೂಕ್ (ಲಿವರಲ್ಲಿರೋ ಚಪ್ಪಟೆ ಹುಳ) ಮೊಟ್ಟೆ ಸಿಕ್ತು. ಅದು ನಿಜವಾದ ಮೊಟ್ಟೆನೇ, ಚಿನ್ನದ ಬಣ್ಣ, ಒಂದು ತುದೀಲಿ ಮುಚ್ಚಳ, ಅನುಮಾನವೇ ಇಲ್ಲ. ಕೇಳಿದ್ರೆ ಹಿಂದಿನ ದಿನ ಲಿವರ್ ಫ್ರೈ ತಿಂದಿದ್ರು. ಒಂದು ವಾರ ಲಿವರ್ ಬಿಟ್ಟು ಬನ್ನಿ ಅಂದ್ವಿ. ಆಮೇಲೆ ಒಂದೂ ಇಲ್ಲ! ಕುರಿ ಲಿವರಲ್ಲಿದ್ದ ಫ್ಲೂಕ್ ಮೊಟ್ಟೆ ಅವರ ಹೊಟ್ಟೇಲಿ ಸುಮ್ನೆ ಹಾದುಹೋಗಿತ್ತು. ನಿಮ್ಮ ಮನೆ ನಾಯಿ ಹಿಕ್ಕೆ ತಿನ್ನುತ್ತಾ? ಅದರ ಸ್ಲೈಡ್ ನೋಡೋವಾಗ ಇದು ಜ್ಞಾಪಕ ಇರಲಿ.

ಹಿಕ್ಕೆ ನೆಲದಿಂದ ಆರಿಸಿದ್ರಾ?

ಬಂಡೂರು_ಕುರಿ:
ಅಕ್ಕಾ, ಹೂಂ, ನೆಲದಿಂದಾನೇ. ಕೊಟ್ಟಿಗೆ ಗುಡಿಸೋವಾಗ.

ಸ್ಲೈಡಕ್ಕ_ಮೈಸೂರು:
ಹಾಗಾದ್ರೆ ಮೊದಲಿಂದ ಶುರು ಮಾಡಿ. ಮಣ್ಣಲ್ಲೇ ಬದುಕೋ ಹುಳಗಳಿವೆ. ಅವು ಹಿಕ್ಕೆಗೆ ನುಗ್ಗಿ ಅಲ್ಲೇ ಮೊಟ್ಟೆ ಇಡ್ತಾವೆ, ಅವನ್ನ ಬೇರೆ ಮಾಡಿ ಗುರುತಿಸೋದು ನನಗೂ ಕಷ್ಟ. ಗ್ಲೌಸ್ ಹಾಕ್ಕೊಂಡು ಕುರಿಯ ಗುದದ್ವಾರದಿಂದಲೇ ತೆಗೀರಿ, ಒಂದೊಂದಕ್ಕೆ ಒಂದೊಂದು ಡಬ್ಬಿ. ಅವತ್ತೇ ನೋಡಿ, ಇಲ್ಲಾಂದ್ರೆ ಫ್ರಿಜ್ಜಲ್ಲಿಡಿ. ನಮ್ಮ ಬಿಸಿಲಿಗೆ ಒಂದು ದಿನದಲ್ಲಿ ಮೊಟ್ಟೆ ಒಡೆದು ಮರಿ ಆಚೆ ಬಂದಿರುತ್ತೆ. ಲೀಟರ್ ನೀರಿಗೆ 400 ಗ್ರಾಂ ಉಪ್ಪು ಹಾಕಿ ಬಿಸಿ ಮಾಡಿ, ತಳದಲ್ಲಿ ಸ್ವಲ್ಪ ಕರಗದೇ ಉಳೀಬೇಕು. ತೇಲೋಕೆ 15 ನಿಮಿಷ ಸಾಕು. ಸ್ಲೈಡ್ ಒಣಗೋಕೆ ಬಿಟ್ರೆ ಉಪ್ಪಿನ ಹರಳು ಚೌಕ ಚೌಕವಾಗಿ ಕೂತು ಮೊಟ್ಟೆ ಸುಕ್ಕಾಗುತ್ತೆ. ಫ್ರಿಜ್ ವಿಷಯ ಮನೆಯೋರನ್ನ ಕೇಳಿ ಮಾಡಿ ಮತ್ತೆ.

ಹಳೇ_ಪಶುವೈದ್ಯ:
ಅಮ್ಮ ಹೇಳಿದ್ದೆಲ್ಲ ಸರಿ. ನಾನು ಎರಡು ಮಾತು ಸೇರಿಸ್ತೀನಿ. ಗಬ್ಬದ ಕುರಿಗೆ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಡಬಾರದು, ಮರಿ ಅಂಗ ಊನವಾಗಿ ಹುಟ್ಟಬಹುದು. ನೀವು ಇಡೀ ಮಂದೆಗೆ ಕುಡಿಸಿದ್ದೀನಿ ಅಂದಾಗ ನನಗೆ ಮೊದಲು ಬಂದ ಯೋಚನೆ ಅದೇ. ಇನ್ನೊಂದು, ಮೊಟ್ಟೆ ನೋಡಿ ಹೀಮಾಂಕಸ್ ಅಂತ ಹೆಸರಿಡೋಕೆ ಆಗಲ್ಲ. ಆ ಗುಂಪಿನ ಹುಳಗಳ ಮೊಟ್ಟೆ ಎಲ್ಲ ಹೆಚ್ಚುಕಮ್ಮಿ ಒಂದೇ ಥರ, ಹಿಕ್ಕೆಯಲ್ಲಿ ಮರಿಹುಳ ಬೆಳೆಸಿ ನೋಡಬೇಕು. ಮೈಕ್ರೋಸ್ಕೋಪ್‌ಗಿಂತ ಮುಂಚೆ ಕುರಿಯ ಕೆಳರೆಪ್ಪೆ ಬಿಡಿಸಿ ನೋಡಿ. ಕೆಂಪಗಿದ್ಯಾ, ಬಿಳಚಿದ್ಯಾ? ಗದ್ದದ ಕೆಳಗೆ ನೀರು ತುಂಬಿ ಜೋತಿದ್ಯಾ? ನಾಲೆ ನೀರಿನ ಗದ್ದೆ ಬಯಲಲ್ಲಿ ಮೇಯಿಸೋದಿದ್ರೆ ಫ್ಲೂಕ್ ಮೊಟ್ಟೆಗೆ ಬೇರೆ ಪರೀಕ್ಷೆ ಮಾಡಿ. ಅದು ಭಾರ, ಉಪ್ಪುನೀರಲ್ಲಿ ತೇಲಲ್ಲ, ತಳದ ಗಷ್ಟಲ್ಲಿ ಹುಡುಕಬೇಕು.

ಬಂಡೂರು_ಕುರಿ:
ನಾಲ್ಕು ದಿನ ಆಯ್ತು, ಬರೀತಿದ್ದೀನಿ. ಸ್ಕೇಲ್ ಇಟ್ಟು ನೋಡ್ದೆ, 1.8 ಬಂತು. ನಮ್ಮ 16 ಮನೆ ಫುಟ್‌ಬಾಲು ವೃತ್ತದ ಒಂಬತ್ತನೇ ಒಂದು ಭಾಗ. ಒತ್ತಿ ಉರುಳಿಸ್ದೆ. ನಿಪ್ಪಟ್ಟೇ ಅಕ್ಕಾ. ಏರಿ ಮೇಲಿಂದ ಹಳದಿ ಜಾಲಿ ಹೂ ತಂದು ಸ್ಲೈಡ್ ಮೇಲೆ ಉದುರಿಸಿ ಪಕ್ಕದಲ್ಲಿಟ್ಟು ನೋಡ್ದೆ, ಅದೇ ಮುಖ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಏಳು ಕುರಿದು ಸರಿಯಾಗಿ ತೆಗೆದು ನೋಡ್ದೆ. ಐದರಲ್ಲಿ ಬರೀ ಜಾಲಿ. ಆರನೇದರಲ್ಲಿ ಮೊಟ್ಟೆ ಇದೆ, ಈ ಸಲ ನಿಜವಾಗ್ಲೂ: ಉದ್ದುದ್ದ, ಚಿಪ್ಪು ಬೇರೆ ಕೋಶ ಬೇರೆ, ಒಂದು ಸ್ಲೈಡಲ್ಲಿ ನಾಲ್ಕು. ಆ ಕುರಿ ರೆಪ್ಪೆನೂ ಬಿಳಚಿದೆ ಸಾರ್. ಗಬ್ಬದ್ದು ಎರಡಿವೆ, ಕಟ್ಟಿಸಿದ ತಾರೀಕು ಲೆಕ್ಕ ಹಾಕಿದ್ರೆ ಕುಡಿಸಿದಾಗ ಎರಡು ತಿಂಗಳು ದಾಟಿತ್ತು. ಏಳನೇದರಲ್ಲಿ ಏನೋ ದೊಡ್ಡದು, ಮೊಟ್ಟೆ ಥರಾನೇ ಇದೆ, ಆದ್ರೆ ಒಳಗೆ ಕಾಲು ಕಂಡಂಗಾಯ್ತು. ನನ್ನ ಕಣ್ಣೇ ಸರಿ ಇಲ್ವೋ ಏನೋ.

ಹಳೇ_ಪಶುವೈದ್ಯ:
ಮೂರು ಸಲ ಕುಡಿಸಿದ ಮೇಲೂ ಆರನೇ ಕುರೀಲಿ ನಿಜವಾದ ಮೊಟ್ಟೆ ಉಳಿದಿದೆ ಅಂದ್ರೆ, ಒಂದೋ ತೂಕಕ್ಕೆ ತಕ್ಕಷ್ಟು ಔಷಧಿ ಹೋಗಿಲ್ಲ, ಇಲ್ಲ ನಿಮ್ಮ ಮಂದೆಯ ಹುಳ ಆ ಔಷಧಿಗೆ ಜಗ್ಗದ ಹಾಗಾಗಿದೆ. ಅಂಗಡಿಗೆ ಹೋಗಬೇಡಿ. ಕುರಿ ತೂಕ ಹಾಕಿಸಿ, ಮೂರು ಬಾಟ್ಲಿನೂ ಎತ್ಕೊಂಡು ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಿ. ಔಷಧಿ ಕೊಡೋ ದಿನ ಗ್ರಾಮಿಗೆ ಎಷ್ಟು ಮೊಟ್ಟೆ ಅಂತ ಎಣಿಸಿ, 14 ದಿನ ಬಿಟ್ಟು ಮತ್ತೆ ಎಣಿಸಬೇಕು. ನೂರಕ್ಕೆ 95 ಕಮ್ಮಿ ಆಗಿಲ್ಲ ಅಂದ್ರೆ ಬೇರೆ ಗುಂಪಿನ ಔಷಧಿ ನೋಡೋಣ. ಉಳಿದ ಕುರಿಗಳಿಗೆ ಈಗ ಏನೂ ಬೇಡ.

ಸ್ಲೈಡಕ್ಕ_ಮೈಸೂರು:
ಕಣ್ಣು ಸರಿಯಾಗೇ ಇದೆ ಕಣಪ್ಪ. ಕಾಲಿದ್ರೆ ಜಂತುಹುಳ ಅಲ್ಲ, ಮೇವಿನ ನುಸಿಯ ಮೊಟ್ಟೆ. ಹುಲ್ಲಿನ ಮೆದೆ ತಳದಲ್ಲಿ ಬೂಷ್ಟು ಹಿಡಿದಿರಬೇಕು, ಬಿಚ್ಚಿ ಬಿಸಿಲಿಗೆ ಹರವಿ.