ಬೆಟಗೇರಿ ನೇಕಾರರ ಮನೆಯಲ್ಲಿ ವರ್ಷದ ಫೋಟೋ ಪ್ರಾಜೆಕ್ಟ್: ಯಜಮಾನರು ಒಪ್ಪಿದ್ದಾರೆ, ಮನೆ ಒಪ್ಪಿಲ್ಲ

ಬೆಳಕಿಂಡಿ:
ಗದಗ-ಬೆಟಗೇರಿಯ ಒಂದೇ ನೇಕಾರ ಕುಟುಂಬದ ಒಂದು ವರ್ಷ. ಪತ್ರಿಕೆಗೋ ಸಂಸ್ಥೆಗೋ ಅಲ್ಲ, ಸ್ವಂತ ಪ್ರಾಜೆಕ್ಟ್. ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಹೋಗಿಬರುವುದು. ಕುಣಿಮಗ್ಗ (ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಮಗ್ಗ) ನಡುಮನೆಯಲ್ಲೇ ಇದೆ. ಯಜಮಾನರು "ಎಷ್ಟ್ ಬೇಕಾದ್ರೂ ತಗೋರಿ" ಅಂದರು. ಆದರೆ ಕ್ಯಾಮೆರಾ ಎತ್ತಿದ ಕೂಡಲೇ ಅವರೇ ಲಾಳಿ (ಅಡ್ಡ ನೂಲು ಒಯ್ಯುವ ಸಾಧನ) ಬಿಟ್ಟು ನೆಟ್ಟಗೆ ಕೂರುತ್ತಾರೆ, ಕಂಡಿಕೆ (ಲಾಳಿಗೆ ಹಾಕುವ ನೂಲಿನ ಸುರುಳಿ) ಸುತ್ತುವ ಅತ್ತೆ-ಸೊಸೆ ಒಳಗೆ ಹೋಗುತ್ತಾರೆ. ಮೂರು ಭೇಟಿಯಲ್ಲಿ ಸಿಕ್ಕಿದ್ದೆಲ್ಲ ಆಧಾರ್ ಕಾರ್ಡಿಗೆ ಆಗುವಂಥವು. ಸದ್ದಾಗದಿರಲೆಂದು ಸೈಲೆಂಟ್ ಮೋಡ್ ಹಾಕಿದರೆ ಎಲ್‌ಇಡಿ ಬೆಳಕಿನಲ್ಲಿ ಅಡ್ಡ ಪಟ್ಟೆ. ದುಡ್ಡು ಕೊಡಬೇಕೋ ಬೇಡವೋ?

ಲೈನ್‌ಬಜಾರ:
ಯಜಮಾನ್ರ ಒಪ್ಪಿಗಿ ಹೊಸ್ತಿಲ ದಾಟಲಿಕ್ಕ ಅಷ್ಟ ಸಾಕು. ಒಳಗಿನ ಮಂದೀನ ಬ್ಯಾರೆ ಬ್ಯಾರೆ ಕೇಳಬೇಕು, ಅದೂ ಅವರ ಎದುರಿಗೆ ಅಲ್ಲ. ಮಾವನ ಮುಂದ ಸೊಸಿ ಒಲ್ಲೆ ಅನ್ನಂಗಿಲ್ಲ, ಸುಮ್ಮನ ಎದ್ದು ಒಳಗ ಹೋಗ್ತಾಳ. ಅದ ಆಕಿ ಉತ್ತರ ಅಂತ ತಿಳಕೋರಿ. ಗೊತ್ತಿದ್ದ ಹೆಣ್ಣುಮಗಳೊಬ್ಬಾಕೀನ ಎರಡು ಸಲ ಜೋಡಿ ಕರಕೊಂಡು ಹೋಗ್ರಿ, ಅತ್ತಿಯಿಂದ ಸುರು ಮಾಡ್ರಿ.

ಮುಂದಿನ ನಾಕು ಭೇಟಿ ಕ್ಯಾಮೆರಾ ಚೀಲದಾಗ ಇರಲಿ. ವಾರ ಒಂದ, ಹೊತ್ತು ಒಂದ, ಕೂಡೂ ಜಾಗಾನೂ ಒಂದ. ಜಾಗಾ ಹೆಂಗಿರಬೇಕಂದ್ರ, ಕಿಟಕಿ ಬೆಳಕು ಹಾಸಿನ (ಮಗ್ಗಕ್ಕ ಉದ್ದಕ್ಕ ಕಟ್ಟಿದ ಎಳಿ) ಮ್ಯಾಲೆ ಬೀಳೂದಕ್ಕ ನಿಮ್ಮ ಮೈ ಅಡ್ಡ ಬರಬಾರದು. ಎಳಿ ಹರದದ್ದು ಕಾಣಲಿಲ್ಲಂದ್ರ ಅಷ್ಟುದ್ದ ನೇಯ್ದದ್ದು ಬಿಚ್ಚಬೇಕಾಗ್ತದ. ನಿಮ್ಮ ಬಗ್ಗೆ ಮನಿ ಮಂದಿ ಏನು ಅಂತಾರನ್ನೂದು ಅಲ್ಲೇ ತೀರ್ಮಾನ ಆಗಿಬಿಡ್ತದ. ಕ್ಯಾಮೆರಾ ಪಟ್ಟಿ ಕೊರಳಾಗ ಜೋತಾಡಿಸಬ್ಯಾಡ್ರಿ, ಕೈಗೆ ಸುತ್ತಿಕೋರಿ. ಬಗ್ಗಿದಾಗ ಅದರ ಬಕಲ್ ಎಳಿಗೆ ಸಿಗತದ.

ದುಡ್ಡಿನ ಮಾತು. ನೇಕಾರಗ ಕೂಲಿ ಸೀರಿ ಲೆಕ್ಕದಾಗ, ತಾಸಿನ ಲೆಕ್ಕದಾಗಲ್ಲ. ನಿಮ್ಮ ಸಲುವಾಗಿ ಮಗ್ಗ ನಿಂತ್ರ ಅರ್ಧ ತಾಸು ಅವರ ಕಿಸೆದಾಗಿಂದ ಹೋತು. ಅಷ್ಟನ್ನ ತುಂಬಿ ಕೊಡ್ರಿ. ಒಂದು ಫೋಟೋಕ್ಕ ಇಷ್ಟು ಅಂತ ಮಾತ್ರ ಬ್ಯಾಡ. ಹಂಗ ಕೊಟ್ರ ಮುಂದಿನ ವಾರ ಪೆಟ್ಟಿಗ್ಯಾಗಿನ ಸೀರಿ ಉಟ್ಟು ಕೂತಿರ್ತಾರ, ತಪ್ಪು ಅವರದಲ್ಲ.

ಮೂವತ್ತೈದು_ಎಂಎಂ:
ಪಟ್ಟೆಗೆ ಕಾರಣ ಇದು: ನಮ್ಮ ವಿದ್ಯುತ್ 50 ಹರ್ಟ್ಜ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೈಲೆಂಟ್ ಮೋಡ್ ಅಂದರೆ ಎಲೆಕ್ಟ್ರಾನಿಕ್ ಶಟರ್. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ, ಹಾಗಾಗಿ ಒಂದು ಸಾಲು ಬೆಳಗಿದಾಗ, ಇನ್ನೊಂದು ಮಂಕಾದಾಗ. ಓಡುವ ಲಾಳಿಯೂ ಡೊಂಕಾಗಿ ಬರುತ್ತದೆ. ಮೆಕ್ಯಾನಿಕಲ್ ಶಟರ್ ಹಾಕಿ, ವೇಗ 1/100 ಅಥವಾ 1/50 ಸೆಕೆಂಡ್ ಇಡಿ. 1/250 ದಾಟಿದರೆ ಮೆಕ್ಯಾನಿಕಲ್‌ನಲ್ಲೂ ಪಟ್ಟೆ ಮೂಡಬಹುದು. ಸದ್ದಿನ ಚಿಂತೆ ಬೇಡ, ಹಣಿಗೆ (ಅಡ್ಡ ಎಳೆಯನ್ನು ಒತ್ತಿ ಕೂರಿಸುವ ಬಾಚಣಿಗೆ) ಬಡಿಯುವ ಹೊತ್ತಿಗೇ ಒತ್ತಿ, ಯಾರಿಗೂ ಕೇಳಿಸದು. ಕಂಡಿಕೆ ಸುತ್ತುವ ಮೂಲೆಯಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಕಡಿಮೆ ಒತ್ತಿ.

ಫೋಕಸ್ ಬೀಪ್ ಮತ್ತು ಕ್ಯಾಮೆರಾ ಮುಂಭಾಗದಲ್ಲಿ ಫೋಕಸ್‌ಗೆಂದು ಹೊತ್ತುವ ಕಿತ್ತಳೆ ದೀಪ ಎರಡನ್ನೂ ಮೆನುವಿನಲ್ಲಿ ಆಫ್ ಮಾಡಿ. ಹೆಂಗಸರು ಎದ್ದು ಹೋಗಲು ಆ ದೀಪವೊಂದೇ ಸಾಕು.

35 ಎಂಎಂ ಲೆನ್ಸ್, ಎಫ್ 2 (ಲೆನ್ಸಿನ ಕಿಂಡಿ ಅಗಲವಾಗಿ ತೆರೆದು), ಐಎಸ್‌ಒ ಅಂದರೆ ಬೆಳಕಿನ ಸೂಕ್ಷ್ಮತೆ 3200ರಿಂದ 6400. ನೇಯುವವರ ಕಾಲು ಕುಣಿಯೊಳಗೆ, ಕೂರುವುದು ನೆಲಮಟ್ಟದಲ್ಲಿ. ನಿಂತು ತೆಗೆದರೆ ಬರೀ ನೆತ್ತಿ ಸಿಗುತ್ತದೆ, ನೆಲಕ್ಕೆ ಕೂತುಬಿಡಿ. ಬಲ್ಬ್ ಆರಿಸಿ ಅಂತ ಕೇಳಬೇಡಿ, ಅದು ಅವರಿಗೆ ಎಳೆ ಕಾಣಲಿಕ್ಕೆ ಇರುವುದು. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ತೆಗೆದು ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) 4000 ಕೆಲ್ವಿನ್‌ಗೆ ಕಟ್ಟಿಹಾಕಿ. ಆಟೋದಲ್ಲಿ ಬಿಟ್ಟರೆ ಕೆಂಪು ಸೀರೆ ಮಗ್ಗದ ಮೇಲಿದ್ದ ದಿನ ಚರ್ಮದ ಬಣ್ಣ ಪ್ರತಿ ಫ್ರೇಮಿಗೂ ಬದಲಾಗುತ್ತದೆ. ಲಾಳಿಯನ್ನು ಹೆಪ್ಪುಗಟ್ಟಿಸಿದರೆ ಮಗ್ಗ ನಿಂತಂತೆ ಕಾಣುತ್ತದೆ. 1/25ರಲ್ಲಿ ಗೆರೆಯಾಗಿ ಎಳೆದುಕೊಳ್ಳಲಿ, ಮುಖ ಸ್ಥಿರವಾಗಿರುವ ಗಳಿಗೆ ನೋಡಿ ಒತ್ತಿ.

ಲೆನ್ಸನ್ನು ಆ ಕೋಣೆಯಲ್ಲಿ ಬದಲಿಸಲೇಬೇಡಿ. ನೂಲಿನ ಅರಳೆ ಸೆನ್ಸರ್ ಮೇಲೆ ಕೂತರೆ ಎಫ್ 2ರಲ್ಲಿ ಕಾಣುವುದಿಲ್ಲ, ಹೊರಗೆ ಬಿಸಿಲಲ್ಲಿ ಕಿಂಡಿ ಕಿರಿದುಮಾಡಿ ಎಫ್ 11 ಇಟ್ಟ ದಿನ ಆಕಾಶದ ತುಂಬ ಚುಕ್ಕೆ.

ಉಣಕಲ್_ದಂಡಿ:
ಭೇಟಿಗಳ ಲೆಕ್ಕದಲ್ಲಿ ಇನ್ನೊಂದು ದಾರಿ ಇದೆ. ಅಮೆರಿಕದ ಫೋಟೋಗ್ರಾಫರ್ ಯೂಜೀನ್ ಸ್ಮಿತ್ 1948ರಲ್ಲಿ ಕೊಲೊರಾಡೊದ ಹಳ್ಳಿ ವೈದ್ಯನೊಬ್ಬನ ಜೊತೆ 23 ದಿನ ಇದ್ದ. ಮೊದಮೊದಲು ಫಿಲ್ಮ್ ಹಾಕದ ಕ್ಯಾಮೆರಾವನ್ನೇ ಒತ್ತುತ್ತಿದ್ದನಂತೆ, ಆ ವೈದ್ಯ ಸದ್ದಿಗೆ ಒಗ್ಗಲಿ ಅಂತ. ಚೀಲದೊಳಗಿಟ್ಟು ಐದನೇ ವಾರ ತಟ್ಟನೆ ತೆಗೆಯುವುದಕ್ಕಿಂತ ಇದು ಮೇಲು.

ಮೂವತ್ತೈದು_ಎಂಎಂ:
ಈಗ ನಡೆಯುವುದಿಲ್ಲ. "ತೋರಿಸ್ರಿ" ಅಂತ ಮಕ್ಕಳೇ ಪರದೆಗೆ ಬಗ್ಗುತ್ತಾರೆ, ಖಾಲಿ ಇದ್ದರೆ ಅನುಮಾನ ಸುರು. ನಿಜವಾಗಿಯೇ ತೆಗೆಯಿರಿ, ಆದರೆ ಮಗ್ಗ, ನೂಲು, ಗೋಡೆಯ ಕ್ಯಾಲೆಂಡರ್ ಇಂಥವನ್ನು. ಮುಖಗಳು ಆಮೇಲೆ.

ಬೆಳಕಿಂಡಿ:
1/100ಕ್ಕೆ ಪಟ್ಟೆ ಹೋಯಿತು. ಒಪ್ಪಿಗೆಯನ್ನು ಬರಹದಲ್ಲಿ ತಗೋಬೇಕಾ? ಕಾಗದ ಅಂದರೆ ಸಾಲದ ಪತ್ರ ಅಂತ ಹೆದರುತ್ತಾರೆ.

ಲೈನ್‌ಬಜಾರ:
ಸಹಿ ಮೊದಲ ಬ್ಯಾಡ. ಫೋನಿನ್ಯಾಗ ಮಾತು ರೆಕಾರ್ಡ್ ಮಾಡ್ರಿ, ಮೂರು ಪ್ರಶ್ನೆ ಬ್ಯಾರೆ ಬ್ಯಾರೆ ಕೇಳ್ರಿ: ತೆಗೀಬಹುದಾ, ಊರಾಗ ಪ್ರದರ್ಶನಕ್ಕ ಇಡಬಹುದಾ, ಇಂಟರ್ನೆಟ್ಟಿಗೆ ಹಾಕಬಹುದಾ. ಮೊದಲ್ನೇದಕ್ಕ ಹೂಂ ಅಂದವರು ಮೂರನೇದಕ್ಕ ಒಲ್ಲೆ ಅಂತಾರ, ಅದು ಸಹಜ. ಪ್ರದರ್ಶನ ಹತ್ರ ಬಂದಾಗ ಕನ್ನಡದಾಗ ಒಂದ ಪುಟ ಬರದು ಓದಿ ಹೇಳ್ರಿ, ಒಂದು ಪ್ರತಿ ಅವರ ಮನ್ಯಾಗ ಇರಲಿ.

ಮೂರು ಭೇಟಿಗೊಮ್ಮೆ ಹನ್ನೆರಡು ಪ್ರಿಂಟ್ ಒಯ್ಯಿರಿ, 5×7 ಸಾಕು. ಫೋನಿನ್ಯಾಗ ತೋರಿಸಿದ್ರ ಯಜಮಾನ್ರೊಬ್ಬರ ನೋಡಿ ವಾಪಸ್ ಕೊಡ್ತಾರ, ಪ್ರಿಂಟ್ ಅಡಗಿಮನಿ ತನಕ ಹೋಗ್ತದ. ಬ್ಯಾಡಾದದ್ದರ ಹಿಂದ ಅವರ ಕೈಲೆ ಪೆನ್ಸಿಲ್ಲಿನಾಗ ಗುಣಾಕಾರ ಚಿಹ್ನಿ ಹಾಕಿಸ್ರಿ, ಹಾಕಿದ್ದು ಎಷ್ಟು ಚಲೋ ಫೋಟೋ ಇದ್ರೂ ಹೋತು. ಯಾವುದನ್ನ ಗ್ವಾಡಿಗೆ ಹಚ್ಚಿದ್ರು, ಯಾವುದು ಟ್ರಂಕಿನ್ಯಾಗ ಹೋತು ಅನ್ನೂದನ್ನೂ ಬರದಿಟ್ಟುಕೋರಿ.

ಉಣಕಲ್_ದಂಡಿ:
ಎರಡು ಎಚ್ಚರ. ಕೂಲಿ ಲೆಕ್ಕದ ಪುಸ್ತಕ ಫ್ರೇಮಿನಲ್ಲಿ ಬಂದರೆ ದೊಡ್ಡದು ಮಾಡಿ ನೋಡಿ. ಬೇರೆ ಮನೆಯವರ ಹೆಸರು, ಬಾಕಿ ಎಲ್ಲ ಓದಲು ಬರುತ್ತದೆ, ಅವರನ್ನು ಯಾರೂ ಕೇಳಿಲ್ಲ. ಹಾಗೇ ಫೈಲ್ ಹೊರಗೆ ಕಳಿಸುವ ಮುಂಚೆ ಜಿಪಿಎಸ್ ಮಾಹಿತಿ ಅಳಿಸಿ. ಮೊಬೈಲ್ ಆ್ಯಪ್‌ಗೆ ಜೋಡಿಸಿದ ಕ್ಯಾಮೆರಾ ಆ ಮನೆಯ ಜಾಗವನ್ನು ಪ್ರತಿ ಫೋಟೋದೊಳಗೂ ಬರೆದಿರಬಹುದು.